ಬಿಂಬುಳಿ ತಾಗಿದ ಕಾಲಾಣೆ

೧೪ ಸೆಪ್ಟೆಂಬರ್, ಭಾನುವಾರ

ಮೊದಲು ಇದನ್ನು ಬರೆದುಬಿಡುತ್ತೇನೆ. ನಾನು ಕೊಂಡ ಮೊದಲ ನಾಣ್ಯವನ್ನು ಅರ್ಧ ಕೆಡಿಸಿದವನು ನಾನೇ.

ಹೊನ್ನಾವರದ ದುರ್ಗಪ್ಪಣ್ಣನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಕಂಪನಿ ಸರ್ಕಾರದ ತಾಮ್ರದ ಕಾಲಾಣೆ, ಅರವತ್ತು ರೂಪಾಯಿ. "ಸವೆದ ಬಿಲ್ಲೆಗೆ ಎಂತಕ್ಕೆ ದುಡ್ಡು ಹಾಕ್ತೆ ಮಾರಾಯಾ? ಶಾಲೆ ಬಿಟ್ಟವಂಗೆ ಇತಿಹಾಸ ಬೇಕಾ?" ಎಂದು ನಕ್ಕ. ಬೇಕು ಎಂದೆ.

ನಮ್ಮೂರು ಬಾಡಕ್ಕೆ ಬರುವವರೆಗೂ ಅಂಗೈಯಲ್ಲೇ ಹಿಡಿದಿದ್ದೆ. ಎಷ್ಟು ಚೆಂದ! ಒಣಗಿದ ಜಾಯಿಕಾಯಿಯ ಬಣ್ಣ. ಅಂಚು ಎಲ್ಲೂ ಚುಚ್ಚುವುದಿಲ್ಲ. ಕಂಪನಿ ಲಾಂಛನದ ಸಿಂಹಗಳ ಮುಖ ಅಳಿಸಿಹೋಗಿದೆ, ನಿಂತ ಗತ್ತು ಹೋಗಿಲ್ಲ. ಕೆಳಗಿನ ಇಸವಿ ಮಾತ್ರ ಕಾಣಲಿಲ್ಲ.

ಹಿತ್ತಲಲ್ಲಿ ಗಣಪಿ ಅತ್ತೆ ತಾಮ್ರದ ಕೊಡ ಬೆಳಗುತ್ತಿದ್ದಳು. "ಬಿಂಬುಳಿ ಹಾಕಿ ತಿಕ್ಕು, ಎಲ್ಲಾ ಕಾಣ್ತದೆ" ಅಂದಳು. ಮರದಿಂದ ಆ ಹುಳಿ ಕಾಯಿ ಕಿತ್ತು, ಹಿಂಡಿ ತಿಕ್ಕಿದೆ. ಕೆಳಗಿನ ಅರ್ಧ ಹೊಸ ತಾಮ್ರದ ತಂತಿಯ ಹಾಗೆ ಕೆಂಪಾಯಿತು, ಇಸವಿ ಕಾಣಲೇ ಇಲ್ಲ. "ಆತು ನೋಡು, ಫಳಫಳ!" ಎಂದು ಅತ್ತೆಗೆ ಖುಷಿ. ನಾನು ತಿಕ್ಕುವುದನ್ನು ಅಲ್ಲಿಗೇ ನಿಲ್ಲಿಸಿ, ಕಂದು ಉಳಿದ ಮೇಲಿನ ಅರ್ಧವನ್ನೇ ನೋಡಿದೆ. ಎಷ್ಟೋ ಜನರ ಬೆರಳು ತಾಗಿ ತಾಗಿ ಬಂದ ಬಣ್ಣ ಅದು.

ನಾಳೆ ಮಹಾಗಣಪತಿ ಮಾಸ್ತರರಿಗೆ ತೋರಿಸಬೇಕು. ನನಗೆ ನಾಣ್ಯದ ಹುಚ್ಚು ಹಿಡಿಸಿದವರು, ಕಲಿಸುತ್ತಿರುವವರು ಅವರೇ. ಯಾವುದನ್ನೂ ತೊಳೆಯಬೇಡ ಎಂದು ಎರಡು ಸಲ ಹೇಳಿದ್ದರು. ಕೊಂಡಾಗಲೇ ಹೀಗಿತ್ತು ಎಂದರೆ ನಂಬಿಯಾರು. ಆದರೆ ಮೇಲಿನ ಅರ್ಧವನ್ನು ಇಷ್ಟು ಮೆಚ್ಚಿಕೊಂಡು, ಕೆಳಗಿನ ಅರ್ಧದ ಬಗ್ಗೆ ಸುಳ್ಳು ಹೇಳಲು ನನ್ನಿಂದಾಗದು. ತಿಕ್ಕಿದ್ದು ನಾನೇ ಎನ್ನುತ್ತೇನೆ. ಬೈದರೆ ಬೈಯಲಿ. ಇನ್ನು ಬರಬೇಡ ಅಂದರೆ ಮಾತ್ರ ತಡೆದುಕೊಳ್ಳಲಾರೆ.