ಎಮೆಟ್‌ಗೆ ಜಾಗವಿರಲಿಲ್ಲ

ಕೊಲಂಬಸ್
ಮಾರ್ಚ್ 14, ಶನಿವಾರ

ಪ್ರೀತಿಯ ಕಾರಾ,

ಫೋನ್ ಎತ್ತುತ್ತಿಲ್ಲ ನೀನು. ಬೇಡ ಬಿಡು, ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಅಕ್ಕನ ಕಾಗದವನ್ನಾದರೂ ಹರಿದುಹಾಕದೆ ಓದು. ಮೊಬೈಲಿಗೆ ಕಳಿಸಿದರೆ ಒಂದೇ ಬೆರಳಲ್ಲಿ ಅಳಿಸಿಬಿಡುತ್ತೀಯ, ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ನನ್ನ ಕೋಳಿಕಾಲಿನ ಅಕ್ಷರ ನೋಡಿ ನಗು ಬಂದರೆ ನಕ್ಕುಬಿಡು. ನನಗೆ ಅಷ್ಟೇ ಸಾಕು.

ನಿನ್ನ ಎಮೆಟ್ ಊರಿನ ಟೊಲೀಡೊ ಫುಟ್‌ಬಾಲ್ ತಂಡ ಬಿಟ್ಟು ಅಷ್ಟು ದೂರದ ಟಕ್ಸನ್‌ಗೆ ಹೋಗುವ ಹಾಗಾಯಿತು. ಅವನ ಏಜೆಂಟ್ ನಾನು. ಊರಲ್ಲೇ ಅವನನ್ನು ಉಳಿಸಬೇಕಾಗಿದ್ದವಳೂ ನಾನೇ. ಹೋದ ತಿಂಗಳು ನಿಮ್ಮ ಅಡುಗೆಮನೆಯಲ್ಲಿ ಪಿಯೆರೋಗಿ ಕಡುಬು ಕರಿಯುತ್ತಾ, ನನ್ನ ಕಡೆ ತಿರುಗದೆಯೇ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೋಡು ನಾಡೀನ್, ದುಡ್ಡು ಎಷ್ಟು ಕಮ್ಮಿ ಆದ್ರೂ ಪರವಾಗಿಲ್ಲ, ಊರು ಮಾತ್ರ ಬಿಡಿಸ್ಬೇಡ. ಟಿಲ್ಲಿಗೆ ಈಗಷ್ಟೇ ಗೆಳತಿಯರು ಸಿಕ್ಕಿದಾರೆ" ಅಂದೆ. ಆಯ್ತು, ನನಗೆ ಬಿಡು ಎಂದೆ ನಾನು. ಎಷ್ಟು ಸಲೀಸಾಗಿ ಅಂದುಬಿಟ್ಟೆ ನೋಡು.

ಕಿವಿ ಕೇಳದ ಮಕ್ಕಳ ಆ ಶಾಲೆಗೆ ಸೇರಿದ ಹೊಸದರಲ್ಲಿ ಮೂಲೆ ಹಿಡಿದು ಕೂತಿರುತ್ತಿದ್ದ ನಿನ್ನ ಮಗಳು, ಅಂದು ಊಟಕ್ಕೆ ಕೂತಾಗ ಕೈ ಸುಮ್ಮನಿಡದೆ ಹರಟುತ್ತಿದ್ದಳು. ಎಮೆಟ್ ಸನ್ನೆಯಲ್ಲಿ ಏನೋ ಹೇಳಿದ. ಅವಳು ನನ್ನ ಕಡೆ ತಿರುಗಿ, ಅಪ್ಪ ತೊದಲುತ್ತಾನೆ ಎಂದು ಸನ್ನೆ ಮಾಡಿ ಬಿದ್ದು ಬಿದ್ದು ನಕ್ಕಳು. ಎದುರಾಳಿಗಳನ್ನು ತಡೆದೂ ತಡೆದೂ ಸೊಟ್ಟಗಾದ ಬೆರಳುಗಳು ಅವು, ತೊದಲದೆ ಏನು ಮಾಡಾವು? ಶಾಲೆಗೋಸ್ಕರ ನೀವಿಬ್ಬರೂ ಟೊಲೀಡೊದಲ್ಲೇ ಉಳಿಯುತ್ತೀರಿ, ಇನ್ನು ಮೇಲೆ ಆ ಬೆರಳುಗಳ ಮಾತನ್ನು ಅವಳು ಮೊಬೈಲಿನ ಪುಟ್ಟ ಪರದೆಯಲ್ಲಿ ಓದಬೇಕು.

ಸಂಬಳದ ಮಿತಿಯ ಕಥೆ ನಿನಗೆ ಗೊತ್ತಿಲ್ಲದ್ದೇನಲ್ಲ. ವರ್ಷಕ್ಕೆ ಆಟಗಾರರಿಗೆಲ್ಲ ಸೇರಿ ಇಷ್ಟೇ ಎಂದು ಲೀಗ್ ಗೆರೆ ಎಳೆದಿದೆ. ತಂಡದ ಮಾಲೀಕ ಎಂಥ ಕುಬೇರನಾದರೂ ಆ ಗೆರೆ ದಾಟುವಂತಿಲ್ಲ. ಒಬ್ಬನ ತಟ್ಟೆಗೆ ಸುರಿದುಬಿಟ್ಟರೆ ಪಕ್ಕದವನ ಪಾಲಿಗೆ ಪಾತ್ರೆ ಖಾಲಿ. ಈ ಸಲ ಟೊಲೀಡೊದಲ್ಲಿ ಒಪ್ಪಂದ ಮುಗಿದು ಮಾರುಕಟ್ಟೆಗೆ ಬಂದವರಲ್ಲಿ ಇಬ್ಬರು ನನ್ನವರೇ ಆಗಿದ್ದರು. ಒಬ್ಬ, ಮೂವತ್ಮೂರು ದಾಟಿದ ನಿನ್ನ ಗಂಡ. ಇನ್ನೊಬ್ಬ, ಓಡಿ ಚೆಂಡು ಹಿಡಿಯುವ ನಮ್ಮ ಕಿಯಾನ್. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನಿಮ್ಮ ಮನೆಗೆ ಬಂದು ಇಡೀ ಪೈ ಒಬ್ಬನೇ ಮುಗಿಸಿದನಲ್ಲ, ಅವನೇ. ಅವನ ಹಿಂದೆ ಇಡೀ ಲೀಗ್ ಬಿದ್ದಿತ್ತು.

ಸೋಮವಾರ ತಂಡದ ಸಂಬಳದ ಲೆಕ್ಕ ನೋಡುವ ಹ್ಯಾಲೋರನ್ ಫೋನ್ ಮಾಡಿದ. "ನಾಡೀನ್, ನಿನ್ನ ಹುಡುಗ ಕಿಯಾನ್‌ಗೆ ಎರಡೇ ವರ್ಷದ ಒಪ್ಪಂದ ಅಂತ ಹಟ ಹಿಡಿದ್ರೆ ನನ್ನ ಕಥೆ ಮುಗೀತು. ನಾಲ್ಕು ವರ್ಷ ಮಾಡು. ಸಹಿ ಹಾಕಿದ್ದಕ್ಕೆ ಕೊಡೋ ಬೋನಸ್ ಪೂರ್ತಿ ಅವನ ಕೈಗೆ ಈಗ್ಲೇ ಬರುತ್ತೆ. ಆದ್ರೆ ಮಿತಿಯ ಲೆಕ್ಕದಲ್ಲಿ ಮಾತ್ರ ಅದು ನಾಲ್ಕು ವರ್ಷಕ್ಕೆ ಹಂಚಿ ಹೋಗುತ್ತೆ, ಈ ವರ್ಷ ನಂಗೆ ಜಾಗ ಉಳಿಯುತ್ತೆ. ಆ ಜಾಗದಲ್ಲಿ ಎಮೆಟ್‌ನ ಇಟ್ಕೋತೀನಿ, ಮಾತು ಕೊಡ್ತೀನಿ" ಎಂದ. ಸಂಜೆಯ ಹೊತ್ತಿಗೆ ಉತ್ತರ ಬೇಕು ಎಂದೂ ಹೇಳಿದ.

ಸಂಜೆ ಉತ್ತರ ಕೊಟ್ಟೆ. ಬುಧವಾರ ನಿನಗೆ ಫೋನಿನಲ್ಲಿ ಹೇಳಿದೆನಲ್ಲ, ಕಿಯಾನ್ ಒಪ್ಪಲಿಲ್ಲ ಎಂದು, ಅದನ್ನೇ ಹ್ಯಾಲೋರನ್‌ಗೂ ಹೇಳಿದ್ದೆ. ಎರಡೇ ವರ್ಷವಾದರೆ ಬೇಗ ಮತ್ತೆ ಮಾರುಕಟ್ಟೆಗೆ ಬರಬಹುದು, ಆಗ ಬೆಲೆ ಇನ್ನೂ ಏರಿರುತ್ತದೆ. ಆ ವಯಸ್ಸಿನವರ ಯೋಚನೆಯೇ ಹಾಗೆ. "ಅಯ್ಯೋ, ಇನ್ನೊಂದ್ಸಲ ಕೇಳಿ ನೋಡಮ್ಮ, ನಿನ್ನ ತಂಗಿ ಸಂಸಾರದ ವಿಷ್ಯ" ಎಂದು ಹ್ಯಾಲೋರನ್ ಗೋಗರೆದ. ವ್ಯವಹಾರದ ಮಧ್ಯೆ ನನ್ನ ತಂಗಿಯನ್ನು ಎಳೆದು ತರಬೇಡ ಎಂದು ಅವನಿಗೇ ಜೋರು ಮಾಡಿದೆ. ದೊಡ್ಡ ನ್ಯಾಯವಂತೆಯ ಹಾಗೆ! ಕೊನೆಗೆ ಅವನು ಎರಡು ವರ್ಷಕ್ಕೇ ಒಪ್ಪಿದ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಸುದ್ದಿಗಾರರಿಗೆ ಮೊದಲು ಸುದ್ದಿ ಮುಟ್ಟಿಸಿದರೆ ಅವರು ಏಜೆಂಟರ ಹೆಸರನ್ನೂ ಸೇರಿಸುತ್ತಾರೆ, ಅದು ನಮ್ಮ ಕಸುಬಿನ ರೂಢಿ. ಚೆಂಡು ಹಿಡಿಯುವವರಲ್ಲೆಲ್ಲ ವರ್ಷಕ್ಕೆ ಅತಿ ಹೆಚ್ಚು ಸಂಬಳ ಕಿಯಾನ್‌ಗೆ ಎಂಬ ಸುದ್ದಿಯ ಕೊನೆಗೆ ನನ್ನ ಹೆಸರಿತ್ತು. ನಾಲ್ಕು ವರ್ಷಕ್ಕೆ ಬರೆದಿದ್ದರೆ ವರ್ಷದ ಸರಾಸರಿ ಇಳಿದು ಆ 'ಅತಿ ಹೆಚ್ಚು' ಇರುತ್ತಿರಲಿಲ್ಲ. ಕಾರಿನಲ್ಲಿ ಒಬ್ಬಳೇ ಕೂತು ಕೂಗಾಡಿಬಿಟ್ಟೆ ಕಣೇ, ಅಷ್ಟು ಖುಷಿ. ಇಷ್ಟು ವರ್ಷ ಈ ಗಂಡಸರು, ಇವಳಿಗೇನು, ತಂಗಿ ಗಂಡನ ಹೆಸರಲ್ಲಿ ಅಂಗಡಿ ಇಟ್ಟಿದ್ದಾಳೆ ಎಂದು ಆಡಿಕೊಳ್ಳುತ್ತಿದ್ದರಲ್ಲ, ಅವರೇ ಫೋನ್ ಮಾಡಿ ಅಭಿನಂದಿಸಿದರು. ಆ ಗದ್ದಲದಲ್ಲಿ ಎಮೆಟ್ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದ. ಹೇಗೋ ಆಗುತ್ತದೆ, ಹ್ಯಾಲೋರನ್ ಎಲ್ಲಿಂದಲಾದರೂ ಜಾಗ ಹುಡುಕುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಅವನು ಹುಡುಕಲಿಲ್ಲ. ಇದ್ದರಲ್ಲವೇ ಹುಡುಕುವುದು! ಬುಧವಾರ ಟಕ್ಸನ್‌ನವರು ಬಿಟ್ಟರೆ ಎಮೆಟ್‌ನನ್ನು ಕೇಳಿದವರಿಲ್ಲ. ಅವನಿಗೆ ವಿಷಯ ತಿಳಿಸಿದೆ. "ಹೋಗ್ಲಿ ಬಿಡು ನಾಡೀನ್, ನೀನೇನು ಕಮ್ಮಿ ಓಡಾಡಿದ್ಯಾ? ಆಡೋದಿಕ್ಕೆ ಒಂದು ಜಾಗ ಸಿಕ್ತಲ್ಲ. ಥ್ಯಾಂಕ್ಸ್" ಎಂದ. ಆ ಹಾಳು ಥ್ಯಾಂಕ್ಸ್ ಯಾಕಾದರೂ ಹೇಳಿದನೋ, ನುಂಗಲೂ ಆಗದು, ಉಗುಳಲೂ ಆಗದು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವನು ಅಲ್ಲಿರುವಷ್ಟು ದಿನ ವಾರದ ಅರ್ಧ ನಾನು ನಿಮ್ಮಲ್ಲಿಗೆ ಬಂದಿರುತ್ತೇನೆ. ಟಿಲ್ಲಿಯನ್ನು ಶಾಲೆಗೆ ಬಿಡುತ್ತೇನೆ, ಸನ್ನೆಯ ಪಾಠಕ್ಕೂ ಸೇರಿಕೊಳ್ಳುತ್ತೇನೆ. ದೊಡ್ಡಮ್ಮ ಅಪ್ಪನಿಗಿಂತ ತೊದಲುತ್ತಾಳೆ ಎಂದು ಅವಳು ನಗಲಿ. ಬೇಡ ಅನ್ನಬೇಡ ಕಾರಾ. ಇದರಿಂದ ಏನೂ ಸರಿಹೋಗುವುದಿಲ್ಲ ಎಂಬುದು ನನಗೂ ಗೊತ್ತು.

ಬೈಯುವುದಕ್ಕಾದರೂ ಫೋನ್ ಎತ್ತು.

ನಿನ್ನ
ನಾಡೀನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಈಗಷ್ಟೇ ಕಿಯಾನ್ ಫೋನ್ ಮಾಡಿದ್ದ. ಎಮೆಟ್‌ನ ಸಾಮಾನು ಲಾರಿಗೆ ಹೇರುವ ದಿನ ನಿಮ್ಮ ಮನೆಗೆ ಬಂದು ಕೈಜೋಡಿಸುತ್ತಾನಂತೆ. "ನಾಡೀನ್, ಕಾರಾ ಯಾಕೆ ನನ್ನ ಹತ್ರ ಮಾತಾಡ್ತಿಲ್ಲ? ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದ. ಇನ್ನೊಂದು ಫೋನ್ ಬರುತ್ತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಅವನು ಬಂದರೆ ಮುಖಕ್ಕೆ ಬಾಗಿಲು ಹಾಕಬೇಡ. ಹ್ಯಾಲೋರನ್ ಹೇಳಿದ ನಾಲ್ಕು ವರ್ಷದ ಮಾತನ್ನು ಆ ಸೋಮವಾರ ನಾನು ಅವನ ಹತ್ತಿರ ಎತ್ತಿರಲೇ ಇಲ್ಲ.