ಮೀನಿನ ತೊಟ್ಟಿಗೆ ಗ್ಯಾಸ್ ಬಿಟ್ಟದ್ದು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿ ನಾನೂ ನಿಮ್ಮವರೂ ಚೆನ್ನಾಗಿದ್ದೇವೆ. ನಿನ್ನ ತರಬೇತಿ ಎಲ್ಲಿಗೆ ಬಂತು? ಕಾಗದ ತಡವಾಯಿತು, ಬೇಜಾರು ಮಾಡ್ಕೋಬೇಡ. ಪುರುಸೊತ್ತಿಲ್ಲ ಅಂತೇನಲ್ಲ, ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಹಿಡಿದರೆ ನನ್ನ ಬಾಯಿ ಎಂಥದ್ದು ಅಂತ ಈಗ ಗೊತ್ತಾಗಿದೆ.

ನಿನ್ನ ಮೀನಿನ ತೊಟ್ಟಿಯ ಗ್ಯಾಸಿನ ವಾಲ್ವ್ ತಿರುಗಿಸಿದ್ದು ನಿಮ್ಮವರಲ್ಲ ಕಣೇ, ನಾನು.

ನೀನು ತರಬೇತಿಗೆ ಹೋದಮೇಲೆ ತೊಟ್ಟಿಯ ನೀರೊಳಗಿನ ಗಿಡಗಳ ಎಲೆ ಹಳದಿಯಾಗಿ ಕರಗತೊಡಗಿದವು. ಅವು ಚಿಗುರಲೆಂದೇ ನೀನು ತಂದಿದ್ದ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಪುಟ್ಟ ಸಿಲಿಂಡರ್ ಇನ್ನೂ ಡಬ್ಬದೊಳಗೇ ಇತ್ತು. "ಅವಳು ಬಂದು ಜೋಡಿಸಿಕೊಳ್ಳಲಿ ಬಿಡಿ ಅಕ್ಕ, ಅವಳಿಗೆ ಅದೇ ಖುಷಿ" ಅಂದರು ನಿಮ್ಮವರು. ನಾನು ಕೇಳಬೇಕಲ್ಲ! ನಿಮ್ಮ ಭಾವ ತೀರಿಕೊಂಡ ಮೇಲೆ ನಿನ್ನ ಮನೆಯಲ್ಲೇ ಇದ್ದೇನೆ. ಕೂತು ತಿನ್ನೋದು ಬಿಟ್ಟರೆ ಏನು ಮಾಡಿದೆ? ನೀನು ಒಳಗೆ ಕಾಲಿಡುವಾಗ ತೊಟ್ಟಿ ಹಚ್ಚಹಸಿರಾಗಿರಬೇಕು ಅಂತ ಹಟ ಹತ್ತಿತು. ಮೀನಿನ ಅಂಗಡಿಯವರನ್ನು ಕೇಳಿಕೊಂಡು ಬಂದು ರೆಗ್ಯುಲೇಟರ್ ಬಿಗಿದೆ, ಸೋಪಿನ ನೊರೆ ಹಚ್ಚಿ ಸೋರುತ್ತದೆಯೇ ಅಂತ ನೋಡಿದೆ, ಪೈಪಿನ ತುದಿಗೆ ಗುಳ್ಳೆ ಬಿಡುವ ಬಿಲ್ಲೆ ಸಿಕ್ಕಿಸಿದೆ. "ಗುಳ್ಳೆ ನಿಧಾನಕ್ಕೆ ಬರಲಿ ಅಮ್ಮಾ. ಜಾಸ್ತಿಯಾದರೆ ಮೀನಿಗೆ ಉಸಿರು ಕಟ್ಟುತ್ತೆ" ಅಂತ ಅವರು ಬಿಡಿಸಿ ಹೇಳಿದ್ದರು.

ಕೆಲವೇ ದಿನಕ್ಕೆ ಚಿಗುರು ಬಂತು ನೋಡು, ನನ್ನ ಆಸೆಗೂ ಚಿಗುರು ಬಂತು. ಇಷ್ಟಕ್ಕೇ ಹೀಗಾದರೆ, ವಾಲ್ವ್ ಇನ್ನೊಂಚೂರು ತಿರುಗಿಸಿದರೆ? ತಿರುಗಿಸಿದೆ. ಸಂಜೆ ನಿಮ್ಮವರು ಬೂಟು ಬಿಚ್ಚುತ್ತಾ, "ಅಕ್ಕಾ, ಮೀನು ಯಾಕೆ ಹೀಗೆ ಮಗ್ಗುಲಾಗಿವೆ?" ಅಂದರು. ಓಡಿಹೋಗಿ ಗ್ಯಾಸ್ ನಿಲ್ಲಿಸಿ, ಬಕೆಟ್ಟುಗಟ್ಟಲೆ ನೀರು ಬದಲಿಸಿದರು. ಎರಡೋ ಮೂರೋ ಉಳಿದವು. ನೀನು ಮರಿಯಿಂದ ಸಾಕಿದ ಕೆಂಪು ಬಾಲದ್ದು ಉಳಿಯಲಿಲ್ಲ.

ಅಷ್ಟರಲ್ಲಿ, ದಿನಾ ಮಾಡುವ ಹಾಗೆ ನೀನು ಫೋನ್ ಮಾಡಿದೆ. ಗ್ಯಾಸ್ ಜಾಸ್ತಿಯಾಗಿ ಮೀನು ಸತ್ತವು ಅಂದೆ. "ವಾಲ್ವ್ ಯಾರು ಮುಟ್ಟಿದ್ದು?" ಅಂತ ನೀನು ಅಳುತ್ತಾ ಕೇಳಿದೆ. "ಇನ್ಯಾರು, ನಿಮ್ಮವರೇ" ಅಂದುಬಿಟ್ಟೆ. ಅವರು ಎದುರಿಗೇ ಇದ್ದರು, ಅಂಗಿಯ ತೋಳು ತೊಟ್ಟಿಕ್ಕುತ್ತಿತ್ತು. ನನ್ನ ಮುಖವನ್ನೊಮ್ಮೆ ನೋಡಿದರು. ಫೋನ್ ಇಸಕೊಂಡು, "ಹೌದು ಕಣೇ, ನನ್ನಿಂದ ತಪ್ಪಾಯ್ತು" ಅಂದರು.

ಆಮೇಲೆ ನೀನು ಅವರ ಹತ್ತಿರ ಮಾತು ಬಿಟ್ಟೆ. ಅವರು ಮಾತ್ರ ದಿನಾ ಬೆಳಿಗ್ಗೆ ನನಗೂ ಕಾಫಿ ಬೆರೆಸಿಡುತ್ತಾರೆ. ಆ ಲೋಟ ಎತ್ತಲು ನನಗೆ ಮುಖವಿಲ್ಲ. ನಿನ್ನೆ, "ಅವಳಿಗೆ ನಿಜ ಹೇಳಿಬಿಡ್ತೀನಿ" ಅಂದೆ. "ಬಿಡಿ ಅಕ್ಕ. ನನ್ನ ಮೇಲಿನ ಸಿಟ್ಟು ಇವತ್ತಲ್ಲ ನಾಳೆ ಇಳಿಯುತ್ತೆ. ನಿಮ್ಮ ಮೇಲೆ ಬಂದರೆ ನೀವು ಎಲ್ಲಿಗೆ ಹೋಗ್ತೀರಿ?" ಅಂದರು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಈ ಕಾಗದ ಓದಿದ ಕೂಡಲೇ ಅವರಿಗೆ ಫೋನ್ ಮಾಡು. ಬೈಯುವುದಿದ್ದರೆ ನನ್ನನ್ನು ಬೈ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರ ಸಂಸಾರ ತಣ್ಣಗಿರಲಿ.

ನಿನ್ನ,
ಅಕ್ಕ

ಮರೆತಿದ್ದೆ ಅಂತ ಬರೆಯಲಾರೆ, ಇದನ್ನು ನಿಮ್ಮವರಿಗೂ ಹೇಳಿಲ್ಲ. ಅವತ್ತು ಮಧ್ಯಾಹ್ನ ನಾನು ತೊಟ್ಟಿಯ ಮುಂದೆಯೇ ಇದ್ದೆ. ಮೀನೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಗಾಳಿಗಾಗಿ ಅಂತ ಹೊಳೆಯಲಿಲ್ಲ ಪುಟ್ಟಿ. ನನ್ನ ಗುರುತು ಹಿಡಿದವು ಅಂದುಕೊಂಡೆ. ಕುರ್ಚಿ ಹತ್ತಿರ ಎಳೆದುಕೊಂಡು, ಬಹಳ ಹೊತ್ತು ಅವುಗಳ ಜೊತೆ ಮಾತಾಡಿದೆ.