ಅವ್ವನ ಕೇಸಿನ ತೀರ್ಪು

ಅವ್ವಾ,

ನಿನ್ನ ಕೇಸಿನ ತೀರ್ಪಿನ ನಕಲು ತರಾಕ ಕೋರ್ಟಿಗೆ ಹೊಂಟೀನಿ. ಹೋದ ವಾರಾನೇ ಅರ್ಜಿ ಕೊಟ್ಟಿದ್ದೆ, ನಿನಗ ಹೇಳಿದ್ದಿಲ್ಲ.

ಸಂಜಿಗೆ ನನ್ನ ನೋಡಾಕ ಬರೋ ಸಿರುಗುಪ್ಪದವರು ಫೋನಿನ್ಯಾಗ ಹುಡುಕಿ, ಜೀನ್ಸ್ ಕಾರ್ಖಾನಿ ಮುಷ್ಕರದಾಗ ನೀ ಅರೆಸ್ಟ್ ಆಗಿದ್ದಷ್ಟೇ ನೋಡ್ಯಾರ. ಅದಕ್ಕ ನೀ ಅವರ ಕಣ್ಣಿಗೆ ಬೀಳಬಾರದಂತ ಕುರುಗೋಡಿಗೆ ದೊಡ್ಡವ್ವನ ಮನಿಗೆ ಹೋಗಾಕ ಚೀಲ ಕಟ್ಟಿಟ್ಟೀದಿ. ನಾ ಆ ಚೀಲ ಬಿಚ್ಚಿ, ಸೀರಿ ಎಲ್ಲಾ ಮತ್ತ ಬೀರುನ್ಯಾಗ ಇಟ್ಟೀನಿ. ಹಸಿರು ಇಳಕಲ್ ಉಟ್ಕೊ.

ಮಂಡಕ್ಕಿಗೆ ಒಗ್ಗರಣಿ ನೀನೇ ಹಾಕು, ನಾ ಹಾಕಿದ್ರ ಉಪ್ಪು ಹೆಚ್ಚಾಗತೈತಿ.

ಜಡ್ಜು ನಿಂದೇನೂ ತಪ್ಪಿಲ್ಲಂತ ಬಿಟ್ಟು ಹನ್ನೊಂದು ವರ್ಷ ಆತು, ನೀ ಇನ್ನೂ ತಲಿ ತಗ್ಗಿಸ್ಕೊಂಡೇ ಅದಿ. ಸಾಕು. ಎಲಿ ಅಡಿಕಿ ತಟ್ಟಿಯಾಗ ತೀರ್ಪೂ ಇಡ್ತೀನಿ. ಅದನ್ನ ಓದಿದ ಮ್ಯಾಲೂ ಕುಂತಿರೋರಿಗೆ ಮಾತ್ರ ನಾನು ಚಾ ತರ್ತೀನಿ.

ದುರ್ಗಾ